ಫ್ರಿಜ್ ರಿಪೇರಿಯೋ, ಹೊಸದೋ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಪ್ರಶ್ನೆ ಜೊತೆ ಇಷ್ಟು ಬರೀರಿ. ಸಿಂಗಲ್ ಡೋರಾ, ಫ್ರಾಸ್ಟ್ ಫ್ರೀನಾ? ಎಷ್ಟು ವರ್ಷದ್ದು? ಸ್ಟಿಕ್ಕರಿನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತಿದೆ? ಕಂಪ್ರೆಸರ್ ಓಡ್ತಿದೆಯಾ? ಬರೀ "ಕೂಲಿಂಗ್ ಇಲ್ಲ" ಅಂದರೆ 400 ರೂಪಾಯಿ ಕೆಲಸವೋ, ಫ್ರಿಜ್ಜೇ ಮುಗಿಯಿತೋ ಗೊತ್ತಾಗಲ್ಲ.

ಹಾಸನದಿಂದ: ಸಿಂಗಲ್ ಡೋರ್, 7 ವರ್ಷ. ಮೂರು-ನಾಲ್ಕು ನಿಮಿಷಕ್ಕೊಮ್ಮೆ "ಟಿಕ್" ಅನ್ನುತ್ತೆ, ಮೋಟಾರ್ ಸ್ಟಾರ್ಟ್ ಆಗಲ್ಲ. ಕಂಪ್ರೆಸರ್ ಹೋಗಿದೆ, 6,500 ಆಗುತ್ತೆ ಅಂದರು. ಹಾಕಿಸಲಾ ಸರ್?

ಮೆಕ್ಯಾನಿಕ್: ಮೊದಲು ವೋಲ್ಟೇಜ್ ನೋಡಿ. 180ಕ್ಕಿಂತ ಕೆಳಗಿದ್ದರೂ ಹೀಗೇ ಆಗುತ್ತೆ. ಸರಿ ಇದ್ದರೆ ಪ್ಲಗ್ ಕಿತ್ತು ಕಂಪ್ರೆಸರ್ ಪಕ್ಕದ ರಿಲೇ (ಮೋಟಾರ್ ಸ್ಟಾರ್ಟ್ ಮಾಡಿಸುವ ಭಾಗ) ತೆಗೆಸಿ, ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಬಿಲ್ಲೆ ಒಡೆದಿದೆ. ರಿಲೇ, ಓವರ್‌ಲೋಡ್ (ಮೋಟಾರ್ ಬಿಸಿಯಾದರೆ ಕರೆಂಟ್ ಕಡಿಯುವ ಭಾಗ) ಎರಡೂ ಸೇರಿ 400 ರೂಪಾಯಿ. ಆಮೇಲೂ ಓಡದಿದ್ದರೆ ಮೀಟರಿನಲ್ಲಿ ಕಂಪ್ರೆಸರಿನ ಮೂರು ಪಿನ್ (ಸ್ಟಾರ್ಟ್, ರನ್, ಕಾಮನ್) ಅಳೆಸಿ: ಸ್ಟಾರ್ಟ್-ರನ್ ನಡುವಿನ ಓಮ್ಸ್ ಉಳಿದೆರಡು ಜೋಡಿಯ ಮೊತ್ತಕ್ಕೆ ಸಮ ಇರಬೇಕು, ಯಾವ ಪಿನ್ನೂ ಕಂಪ್ರೆಸರಿನ ಲೋಹದ ಮೈಗೆ ತಾಗಿರಬಾರದು. ಇದನ್ನು ಅಳೆಯದೆ ಕಂಪ್ರೆಸರ್ ಹೋಗಿದೆ ಅಂದವರಿಗೆ ದುಡ್ಡು ಕೊಡಬೇಡಿ. ಬಿಲ್ಲೂ ಹುಡುಕಿ, ಎಷ್ಟೋ ಫ್ರಿಜ್ಜಿಗೆ ಕಂಪ್ರೆಸರ್ ವಾರಂಟಿ 10 ವರ್ಷ ಇರುತ್ತೆ.

ಧಾರವಾಡದಿಂದ: ಫ್ರಾಸ್ಟ್ ಫ್ರೀ ಐತ್ರಿ, 5 ವರ್ಷ ಆತು. ಮ್ಯಾಲೆ ಐಸ್ ಗಟ್ಟಿ ಆಗ್ತದ, ಕೆಳಗ ತಂಪಿಲ್ಲ. ಗ್ಯಾಸ್ ತುಂಬಸ್ರಿ ಅಂತಾರ.

ಮೆಕ್ಯಾನಿಕ್: ತುಂಬಿಸಬೇಡಿ. ಮೇಲೆ ಗಟ್ಟಿ ಆಗ್ತಿದ್ದರೆ ಗ್ಯಾಸ್ ಸರಿ ಇದೆ. ಹಿಂದಿನ ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿ ಕೆಳಗೆ ಇಳೀತಿಲ್ಲ. ಒಂದು ದಿನ ಆಫ್ ಮಾಡಿ ಬಾಗಿಲು ತೆಗೆದಿಡಿ. ವಾರ ಚೆನ್ನಾಗಿ ಓಡಿ ಮತ್ತೆ ಇದೇ ಆದರೆ ಡಿಫ್ರಾಸ್ಟ್ ಹೀಟರ್ (ಕಾಯಿಲ್ ಮೇಲಿನ ಐಸ್ ಕರಗಿಸುವುದು), ಸೆನ್ಸರ್, ಫ್ಯೂಸ್ ನೋಡಿಸಿ. ಫ್ಯಾನ್ ತಿರುಗ್ತಿದೆಯಾ ಅದನ್ನೂ.

ಮಂಡ್ಯದಿಂದ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದೀನಿ. ಫ್ರೀಜರ್ ಐಸಿಗೆ ಕಲ್ಲುಪ್ಪು ಉದುರಿಸಿ, ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ, ಆಮೇಲೆ ಆಲೂಗಡ್ಡೆ ಉಜ್ಜಿ. ಮತ್ತೆ ಐಸ್ ಕಟ್ಟಲ್ಲ.

ಮೆಕ್ಯಾನಿಕ್: ದಯವಿಟ್ಟು ಯಾರೂ ಮಾಡಬೇಡಿ. ಫ್ರೀಜರ್ ಅಲ್ಯೂಮಿನಿಯಂ ತಗಡು, ಗ್ಯಾಸ್ ಓಡುವ ದಾರಿ ಆ ತಗಡಿನಲ್ಲೇ ಇದೆ. ಉಪ್ಪು ಅದನ್ನು ತಿಂದು ಸೂಜಿಮೊನೆಯಷ್ಟು ತೂತು ಮಾಡುತ್ತೆ, ಚಾಕುವಿಗೆ ಒಂದೇ ಏಟು ಸಾಕು. ಆಫ್ ಮಾಡಿ ಒಳಗೆ ಬಿಸಿನೀರಿನ ಪಾತ್ರೆ ಇಡಿ. ಐಸ್ ಬೇಗ ಬೇಗ ಕಟ್ಟುತ್ತಿದ್ದರೆ ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ (ಬಾಗಿಲ ಅಂಚಿನ ರಬ್ಬರ್) ಸಡಿಲ.

ಕೋಲಾರದಿಂದ: ನಮ್ಮದೂ ಚಾಕುವಿನಿಂದಲೇ ಆಗಿದ್ದು ಸರ್. 2012ರ ಸಿಂಗಲ್ ಡೋರ್, 180 ಲೀಟರ್. ಸ್ಟಿಕ್ಕರಿನಲ್ಲಿ ಆರ್-134ಎ, 100 ಗ್ರಾಂ ಅಂತಿದೆ. ತೂತಿಗೆ ಎಪಾಕ್ಸಿ ಅಂಟು ಹಚ್ಚಿ ಗ್ಯಾಸ್ ತುಂಬಿದರು. ಬಿಲ್ಲಿನಲ್ಲಿ "600 ಗ್ಯಾಸ್, 2,200" ಅಂತಿದೆ. ಎರಡೇ ತಿಂಗಳಿಗೆ ತಂಪು ಕಡಿಮೆ. ಮತ್ತೆ ತುಂಬಿಸಲಾ, ಹೊಸದು ತರಲಾ?

ಮೆಕ್ಯಾನಿಕ್: ರಿಪೇರಿ, ಹೊಸದು ಆಮೇಲೆ. ಈಗಲೇ ಇಷ್ಟು ಮಾಡಿ. ಫ್ರಿಜ್ ಬಾಗಿಲು ಮುಟ್ಟಬೇಡಿ, ಪ್ಲಗ್ ಕೀಳಬೇಡಿ. ಒಲೆ, ದೇವರ ದೀಪ ಆರಿಸಿ. ಕಿಟಕಿ ತೆಗೀರಿ. ಮೀಟರ್ ಬೋರ್ಡ್ ಅಡುಗೆಮನೆ ಹೊರಗಿದ್ದರೆ ಅಲ್ಲಿ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ. ಕರೆಂಟ್ ಹೋದ ಮೇಲೆ ಫ್ರಿಜ್ ಬಾಗಿಲು ಪೂರ್ತಿ ತೆಗೆದು ಅರ್ಧ ಗಂಟೆ ಬಿಡಿ.

ಸ್ಟಿಕ್ಕರಿನಲ್ಲಿರುವ 134 ಹೊತ್ತಿಕೊಳ್ಳುವ ಗ್ಯಾಸ್ ಅಲ್ಲ. ಬಿಲ್ಲಿನಲ್ಲಿರುವ 600 ಅಂದರೆ ಐಸೊಬ್ಯೂಟೇನ್, ಸಿಲಿಂಡರ್ ಗ್ಯಾಸಿನ ಜಾತಿಯದ್ದು. ಆದರೆ ಇದಕ್ಕೆ ಆ ವಾಸನೆ ಸೇರಿಸಿರಲ್ಲ, ಸೋರಿದರೂ ಮೂಗಿಗೆ ತಿಳಿಯಲ್ಲ. ಗಾಳಿಯಲ್ಲಿ ಶೇಕಡ 1.8 ಸೇರಿದರೆ ಹೊತ್ತಿಕೊಳ್ಳುತ್ತೆ. 180 ಲೀಟರ್ ಪೆಟ್ಟಿಗೆಯಲ್ಲಿ ಅಷ್ಟಾಗಲು ಸುಮಾರು 8 ಗ್ರಾಂ ಸಾಕು, ನಿಮ್ಮದಕ್ಕೆ ತುಂಬಿರುವುದು 40 ಗ್ರಾಂ ಆಸುಪಾಸು ಇರಬೇಕು. ಹಿಂದಿನ ಪೈಪ್ ಸೋರಿದ್ದರೆ ಗಾಳಿಗೆ ಹೋಗುತ್ತಿತ್ತು. ನಿಮ್ಮ ತೂತು ಇರುವುದು ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ. ಥರ್ಮೋಸ್ಟಾಟು, ಬಾಗಿಲ ಲೈಟಿನ ಸ್ವಿಚ್ಚೂ ಅಲ್ಲೇ ಇವೆ, 134ರ ಫ್ರಿಜ್ಜಿನಲ್ಲಿ ಅವು ಕಿಡಿ ತಡೆಯುವ ಹಾಗೆ ಮಾಡಿದ್ದಲ್ಲ.

ಆ ಅಂಟು ನಿಲ್ಲುವುದೂ ಇಲ್ಲ. ಮೋಟಾರ್ ನಿಂತಾಗ ಒಳಗಿನ ಪ್ರೆಶರ್ ಏರಿ ಗ್ಯಾಸ್ ಹೊರಗೆ ತಳ್ಳುತ್ತೆ. ಓಡುವಾಗ 600 ಗ್ಯಾಸಿನಲ್ಲಿ ಫ್ರೀಜರ್ ಕಡೆ ವ್ಯಾಕ್ಯೂಮ್ ಬರುತ್ತೆ, ಅದೇ ತೂತಿನಿಂದ ತೇವದ ಗಾಳಿ ಎಳೆಯುತ್ತೆ. ಆ ನೀರು ಕ್ಯಾಪಿಲರಿ (ಗ್ಯಾಸ್ ಹೋಗುವ ಸಣ್ಣ ಕೊಳವೆ) ತುದಿಯಲ್ಲಿ ಹೆಪ್ಪುಗಟ್ಟುತ್ತೆ, ಆಯಿಲ್ ಕೆಡುತ್ತೆ. ಹೊಸ ಫ್ರೀಜರ್ ಕಾಯಿಲ್, ಫಿಲ್ಟರ್, ವ್ಯಾಕ್ಯೂಮ್, ಸರಿಯಾದ ಗ್ಯಾಸ್ ಅಂದರೆ 5,000 ದಾಟುತ್ತೆ, ಅದೂ ತೇವ ಕುಡಿದ ಹಳೇ ಕಂಪ್ರೆಸರಿಗೆ. ಹಾಕಿಸಬೇಡಿ, ಹೊಸದು ತನ್ನಿ. ಐದಾರು ವರ್ಷದ ಫ್ರಿಜ್ಜಿಗೆ ಹಿಂದಿನ ಪೈಪಿನಲ್ಲಿ ಲೀಕ್ ಇದ್ದಿದ್ದರೆ ನೈಟ್ರೋಜನ್ ಹಾಕಿ ಸೋಪಿನ ನೊರೆಯಲ್ಲಿ ಲೀಕ್ ಹಿಡಿದು, ರಿಪೇರಿ ಮಾಡಿಸಿ ಅನ್ನುತ್ತಿದ್ದೆ.

ದಾವಣಗೆರೆಯಿಂದ: ಇಷ್ಟೊಂದು ಹೆದರಿಸಬೇಡ್ರಿ ಸರ್. ಈಗ ಬರೋ ಫ್ರಿಜ್ಜೆಲ್ಲ ಹೆಚ್ಚುಕಮ್ಮಿ 600ನೇ. ಕರೆಂಟೂ ಕಮ್ಮಿ.

ಉಡುಪಿಯಿಂದ: ಅದಕ್ಕಂತಲೇ ಮಾಡಿದ ಫ್ರಿಜ್ ಬೇರೆ ಮಾರಾಯ್ರೆ, ಇದು ಬೇರೆ.

ದಾವಣಗೆರೆಯಿಂದ: ನಮ್ಮ ಕಡೆ ಎಲ್ಲಾ ಹಿಂಗೇ ತುಂಬ್ತಾರೆ. ಎಲ್ಲಿ ಸಿಡಿದೈತಿ ತೋರಿಸ್ರಿ.

ಉಡುಪಿಯಿಂದ: ಸಿಡಿದ ಮೇಲೆ ತೋರಿಸುವುದಾ? ಅವರ ಮನೆಯಲ್ಲಿ ಮಕ್ಕಳು ಬಾಗಿಲು ತೆಗೆಯುವುದಿಲ್ಲವಾ? ನೀವೂ ಹೀಗೆ ತುಂಬುವವರಾದರೆ ಹೇಳಿಬಿಡಿ.

ದಾವಣಗೆರೆಯಿಂದ: ಮಾತು ನೋಡ್ಕೊಂಡು ಆಡ್ರಿ.

ಮೆಕ್ಯಾನಿಕ್: ದಾವಣಗೆರೆಯವರೇ, 134ರ ಕಂಪ್ರೆಸರಿಗೆ 600 ಹಾಕಿದರೆ ಆಂಪ್ಸ್ ಕಡಿಮೆ ತೋರಿಸುತ್ತೆ ನಿಜ, ಕೂಲಿಂಗೂ ಅರ್ಧಕ್ಕೆ ಇಳಿಯುತ್ತೆ. ಮೋಟಾರ್ ಕಟ್ ಆಗದೆ ದಿನವಿಡೀ ಓಡುತ್ತೆ. ಕರೆಂಟ್ ಎಲ್ಲಿ ಉಳಿಯಿತು?

ತುಮಕೂರಿನಿಂದ: ಇನ್ವರ್ಟರ್ ಕಂಪ್ರೆಸರಿಗೆ ಸ್ಟೆಬಿಲೈಸರ್ ಬೇಕಾ ಸರ್?

ಗದಗದಿಂದ: ಟಿಕ್ ಟಿಕ್ ಅಂತದ, ಸ್ಟಾರ್ಟ್ ಆಗವಲ್ದು.

ಮೆಕ್ಯಾನಿಕ್: ಗದಗದವರೇ, ಹಾಸನದವರಿಗೆ ಬರೆದದ್ದು ಓದಿ.

ಮಂಡ್ಯದಿಂದ: ಆಲೂಗಡ್ಡೆ ಆದರೂ ಉಜ್ಜಬಹುದಾ?

ಮೆಕ್ಯಾನಿಕ್: ಬೇಡ ಅಂದೆನಲ್ಲಮ್ಮ.

ತುಮಕೂರಿನಿಂದ: ಸರ್, ಸ್ಟೆಬಿಲೈಸರ್?

ಕೋಲಾರದಿಂದ: ಎಂಸಿಬಿ ಆಫ್ ಮಾಡಿ ಬಾಗಿಲು ತೆಗೆದಿದ್ದೀವಿ. ಗುಜರಿಯವರಿಗೆ ಕೊಡಬಹುದಾ?

ಮೆಕ್ಯಾನಿಕ್: ಹೊಸದು ತರುವ ಅಂಗಡಿಗೇ ಎಕ್ಸ್‌ಚೇಂಜಿಗೆ ಕೊಡಿ. ಅಲ್ಲಿಯವರೆಗೆ ಬಾಗಿಲಿಗೆ ಕಟ್ಟಿಗೆ ಅಡ್ಡ ಇಟ್ಟು ತೆಗೆದೇ ಇಡಿ, ಪ್ಲಗ್ ಈಗ ಕಿತ್ತುಬಿಡಿ. ಸ್ಟಿಕ್ಕರ್ 134 ಅಂತ ಹೇಳುವುದರಿಂದ ಮುಂದೆ ಯಾರೋ ಅದನ್ನು ನಂಬಿ ಪೈಪಿಗೆ ಗ್ಯಾಸ್ ಕಟರ್ ಹಿಡಿಯುತ್ತಾರೆ. ಆ ಸ್ಟಿಕ್ಕರ್ ಮೇಲೆ ಕಾಗದ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೀರಿ: "ಒಳಗಿರುವುದು 600 ಗ್ಯಾಸ್, ಬೆಂಕಿ ತರಬೇಡಿ."