ಶಾಫ್ಟ್ ವಿಶ್ಲೇಷಣೆಯಲ್ಲಿ ಬೇರಿಂಗ್ ಆಧಾರ ಕೊಡುವುದು ಹೇಗೆ? ಕೈಲೆಕ್ಕಕ್ಕೂ ಸಾಫ್ಟ್‌ವೇರಿಗೂ ನಾಲ್ಕು ಪಟ್ಟು ವ್ಯತ್ಯಾಸ ಬರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ಪರ್ ಗೇರ್‌ಬಾಕ್ಸ್ ಒಂದರ ಔಟ್‌ಪುಟ್ ಶಾಫ್ಟನ್ನು ಆನ್ಸಿಸ್ ವರ್ಕ್‌ಬೆಂಚ್ ಎಂಬ ವಿಶ್ಲೇಷಣಾ ಸಾಫ್ಟ್‌ವೇರಿನಲ್ಲಿ ವಿಶ್ಲೇಷಿಸುತ್ತಿದ್ದೇನೆ. ಶಾಫ್ಟಿನ ವ್ಯಾಸ 50 ಮಿ.ಮೀ. ಎರಡೂ ತುದಿಗಳನ್ನು 40 ಮಿ.ಮೀ.ಗೆ ಇಳಿಸಿ ಒಂದೊಂದು 6208 ಬಾಲ್ ಬೇರಿಂಗ್ ಕೂರಿಸಲಾಗಿದ್ದು, ಅವುಗಳ ನಡುವಿನ ಅಂತರ 400 ಮಿ.ಮೀ. ಸರಿಯಾಗಿ ಮಧ್ಯದಲ್ಲಿ 160 ಮಿ.ಮೀ. ಪಿಚ್ ವ್ಯಾಸದ ಗೇರ್ ಇದೆ. ಹಲ್ಲಿನ ಮೇಲೆ ಟ್ಯಾಂಜೆನ್ಶಿಯಲ್ (ಸುತ್ತುವ ದಿಕ್ಕಿನ) ಬಲ 5640 ನ್ಯೂಟನ್, ರೇಡಿಯಲ್ (ಅಕ್ಷದ ಕಡೆಗಿನ) ಬಲ 2050 ನ್ಯೂಟನ್. ಎರಡೂ ಸೇರಿ ಸುಮಾರು 6000 ನ್ಯೂಟನ್ ಆಗುತ್ತದೆ. 451 ನ್ಯೂಟನ್-ಮೀಟರ್ ಟಾರ್ಕ್ ಒಂದು ತುದಿಯ ಕಪ್ಲಿಂಗ್ ಮೂಲಕ ಹೊರಹೋಗುತ್ತದೆ.

ಬೇರಿಂಗ್ ಕೂರುವ ಎರಡೂ ಮೇಲ್ಮೈಗಳಿಗೆ ಫಿಕ್ಸ್ಡ್ ಸಪೋರ್ಟ್ (ಯಾವ ಚಲನೆಗೂ ಬಿಡದ ಆಧಾರ) ಕೊಟ್ಟಾಗ ಮಧ್ಯದ ಬಾಗು ಸುಮಾರು 0.03 ಮಿ.ಮೀ. ಬರುತ್ತದೆ. ಸಿಲಿಂಡ್ರಿಕಲ್ ಸಪೋರ್ಟ್‌ನಲ್ಲಿ ರೇಡಿಯಲ್ ಮಾತ್ರ ಹಿಡಿದು ಉಳಿದೆರಡನ್ನು ಬಿಟ್ಟರೆ ತಿರುಗುವಿಕೆಗೂ ಅಕ್ಷದ ಚಲನೆಗೂ ತಡೆಯಿಲ್ಲವೆಂದು ಸಾಲ್ವರ್ ಎಚ್ಚರಿಸುತ್ತದೆ. ಅವುಗಳನ್ನು ಬೇರೆಡೆ ಹಿಡಿದರೆ ಮತ್ತೆ ಹೆಚ್ಚುಕಡಿಮೆ ಅದೇ 0.03 ಬರುತ್ತದೆ. ಆದರೆ ಸರಳ ಆಧಾರದ ತೊಲೆಯ ಸೂತ್ರದಿಂದ ಕೈಲೆಕ್ಕ ಮಾಡಿದರೆ 0.124 ಮಿ.ಮೀ. ಸಿಗುತ್ತದೆ. ಇದಲ್ಲದೆ ಬೇರಿಂಗ್ ಸೀಟಿನ ಅಂಚಿನಲ್ಲಿ ಕಾಣುವ ಸ್ಟ್ರೆಸ್, ಮೆಶ್ (ಲೆಕ್ಕಕ್ಕಾಗಿ ಶಾಫ್ಟನ್ನು ತುಂಡುಗಳಾಗಿ ಒಡೆದ ಜಾಲ) ಸಣ್ಣದು ಮಾಡಿದಷ್ಟೂ ಏರುತ್ತಲೇ ಹೋಗುತ್ತದೆ. ಯಾವುದನ್ನು ನಂಬಿ ವಿನ್ಯಾಸ ಮುಂದುವರಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ಕೈಲೆಕ್ಕವೇ ವಾಸ್ತವಕ್ಕೆ ಹತ್ತಿರವಾಗಿದೆ. ನಿಮ್ಮ 6208ರಂಥ ಡೀಪ್ ಗ್ರೂವ್ ಬಾಲ್ ಬೇರಿಂಗ್ ಶಾಫ್ಟಿನ ಸ್ಥಾನವನ್ನು ಹಿಡಿಯುತ್ತದೆಯೇ ಹೊರತು ಅದರ ಓರೆಯನ್ನು ಹಿಡಿಯುವುದಿಲ್ಲ. ಅಂದರೆ ಬೇರಿಂಗಿನ ಒಳಗೆ ಶಾಫ್ಟ್ ಅಲ್ಪ ಪ್ರಮಾಣದಲ್ಲಿ ವಾಲುವುದಕ್ಕೆ ಅವಕಾಶವಿರುತ್ತದೆ. ಫಿಕ್ಸ್ಡ್ ಸಪೋರ್ಟ್ ಈ ವಾಲುವಿಕೆಯನ್ನು ಪೂರ್ತಿಯಾಗಿ ತಡೆದು, ಶಾಫ್ಟನ್ನು ಎರಡೂ ಕಡೆ ಗೋಡೆಯಲ್ಲಿ ಹೂತ ತೊಲೆಯಂತೆ ಮಾಡುತ್ತದೆ. ಮಧ್ಯದಲ್ಲಿ ಭಾರ ಹೊತ್ತ ತೊಲೆಗೆ ಬಾಗಿನ ಸೂತ್ರದ ಛೇದದಲ್ಲಿ ಸರಳ ಆಧಾರಕ್ಕೆ 48 ಇರುವ ಕಡೆ ಹೂತ ತುದಿಗಳಿಗೆ 192 ಬರುವುದರಿಂದ ನಿಮಗೆ ಕಂಡ ನಾಲ್ಕು ಪಟ್ಟು ವ್ಯತ್ಯಾಸ ಹುಟ್ಟುತ್ತದೆ.

ಸಿಲಿಂಡ್ರಿಕಲ್ ಸಪೋರ್ಟ್ ವಿಷಯದಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. 18 ಮಿ.ಮೀ. ಅಗಲದ ಸೀಟಿನ ಪ್ರತಿಯೊಂದು ನೋಡ್‌ನಲ್ಲಿಯೂ (ಮೆಶ್‌ನ ಬಿಂದುವಿನಲ್ಲಿಯೂ) ರೇಡಿಯಲ್ ಚಲನೆ ಸೊನ್ನೆ ಎಂದು ಹೇಳಿದ ಮೇಲೆ ಆ ಭಾಗ ವಾಲಲು ಹೇಗೆ ಸಾಧ್ಯ? ವಾಲಬೇಕಾದರೆ ಸೀಟಿನ ಒಂದು ಅಂಚು ಮೇಲಕ್ಕೂ ಇನ್ನೊಂದು ಅಂಚು ಕೆಳಕ್ಕೂ ಹೋಗಲೇಬೇಕು. ಹಾಗಾಗಿ ಹೆಸರು ಬೇರೆಯಾದರೂ ಫಲಿತಾಂಶ ಫಿಕ್ಸ್ಡ್ ಸಪೋರ್ಟಿನದೇ ಆಗಿರುತ್ತದೆ.

ಇದಕ್ಕೆ ಬದಲಾಗಿ ಪ್ರತಿ ಸೀಟಿಗೂ ರಿಮೋಟ್ ಡಿಸ್‌ಪ್ಲೇಸ್‌ಮೆಂಟ್ (ಮೇಲ್ಮೈಯನ್ನು ಒಂದು ಬಿಂದುವಿಗೆ ಜೋಡಿಸಿ ಆ ಬಿಂದುವಿನ ಚಲನೆಯನ್ನು ಹಿಡಿಯುವ ನಿರ್ಬಂಧ) ಕೊಡಿ. ಅದರ ಬಿಂದು ಬೇರಿಂಗಿನ ಅಗಲದ ಮಧ್ಯದಲ್ಲಿ, ಶಾಫ್ಟಿನ ಅಕ್ಷದ ಮೇಲೆ ಇರಲಿ. ಬಿಹೇವಿಯರ್ ಡಿಫಾರ್ಮಬಲ್ (ಮೇಲ್ಮೈ ಆಕಾರ ಬದಲಿಸಬಹುದಾದದ್ದು) ಆಗಿರಲಿ. ಅಕ್ಷ ಝಡ್ ದಿಕ್ಕಿನಲ್ಲಿದ್ದರೆ ಎಕ್ಸ್ ಮತ್ತು ವೈ ಚಲನೆಗಳನ್ನು ಎರಡೂ ಕಡೆ ಸೊನ್ನೆ ಮಾಡಿ, ಝಡ್ ಚಲನೆಯನ್ನು ಹೌಸಿಂಗ್‌ನಲ್ಲಿ ಲಾಕ್ ಆಗಿರುವ ಬೇರಿಂಗಿನ ಕಡೆ ಮಾತ್ರ ಹಿಡಿದು, ಇನ್ನೊಂದನ್ನು ಬಿಡಿ. ಮೂರು ರೊಟೇಶನ್‌ಗಳನ್ನೂ ಎರಡೂ ಕಡೆ ಮುಕ್ತವಾಗಿ ಬಿಡಬೇಕು. ಆಗ ಉಳಿಯುವ ಒಂದೇ ಸ್ವಾತಂತ್ರ್ಯ ಶಾಫ್ಟ್ ತನ್ನ ಅಕ್ಷದ ಸುತ್ತ ತಿರುಗುವುದು; ಅದನ್ನು ಕಪ್ಲಿಂಗ್ ಕೂರುವ ಮೇಲ್ಮೈಯಲ್ಲಿ ಹಿಡಿಯಿರಿ, ಏಕೆಂದರೆ ಟಾರ್ಕ್ ನಿಜವಾಗಿ ಹೊರಹೋಗುವುದು ಅಲ್ಲಿಯೇ. ಸಾಲ್ವರ್ ದೂರು ತಪ್ಪಿಸಲು ಅದನ್ನು ಬೇರಿಂಗ್ ಬಳಿ ಹಿಡಿದುಬಿಟ್ಟರೆ ಟಾರ್ಕ್ ಬೇರಿಂಗಿನಲ್ಲಿಯೇ ಮುಗಿದು, ಕಪ್ಲಿಂಗ್ ಕಡೆಯ ತುಂಡಿನಲ್ಲಿ ತಿರುಚುವಿಕೆಯೇ ಕಾಣಿಸದು.

ಸಾಲ್ವ್ ಆದ ಮೇಲೆ ಬಣ್ಣದ ಚಿತ್ರಕ್ಕಿಂತ ಮೊದಲು ರಿಯಾಕ್ಷನ್ (ಆಧಾರಗಳು ಕೊಡುವ ಮರುಬಲ) ನೋಡುವ ಅಭ್ಯಾಸ ಒಳ್ಳೆಯದು. ಪ್ರತಿ ಬೇರಿಂಗಿನಲ್ಲಿ 3000 ನ್ಯೂಟನ್ ಬರಬೇಕು, ಮೊಮೆಂಟ್ ಸೊನ್ನೆಯಾಗಿರಬೇಕು, ಕಪ್ಲಿಂಗ್‌ನಲ್ಲಿ 451 ನ್ಯೂಟನ್-ಮೀಟರ್ ಸಿಗಬೇಕು.

ಸೀಟಿನ ಅಂಚಿನಲ್ಲಿ ಏರುತ್ತಿರುವ ಸ್ಟ್ರೆಸ್ ನಿರ್ಬಂಧದಿಂದ ಹುಟ್ಟಿದ ಸಿಂಗ್ಯುಲಾರಿಟಿ (ಮೆಶ್ ಸಣ್ಣದಾದಷ್ಟೂ ಮಿತಿಯಿಲ್ಲದೆ ಏರುವ ಕೃತಕ ಬೆಲೆ); ಶಾಫ್ಟಿಗೆ ಅದರೊಂದಿಗೆ ಸಂಬಂಧವಿಲ್ಲ. ನನಗೆ ನಿಜವಾಗಿ ಆತಂಕ ತರುವುದು ಗೇರ್ ಕೂರುವ ಜಾಗ. ಫಿಕ್ಸ್ಡ್ ಮಾದರಿಯಲ್ಲಿ ಅಲ್ಲಿನ ಬಾಗು ಮೊಮೆಂಟ್ 300 ನ್ಯೂಟನ್-ಮೀಟರ್, ವಾಸ್ತವದಲ್ಲಿ 600. ಸ್ಟ್ರೆಸ್ ಸುಮಾರು 24 ಮೆಗಾಪ್ಯಾಸ್ಕಲ್ ಎಂದು ತೋರುವ ಕಡೆ ನಿಜವಾಗಿ 49 ಇರುತ್ತದೆ, ಅದೂ ಕೀವೇಯ (ಗೇರನ್ನು ಹಿಡಿಯುವ ಕೀಲಿಯ ತೋಡಿನ) ಸ್ಟ್ರೆಸ್ ಕಾನ್ಸಂಟ್ರೇಶನ್ (ಒಂದೆಡೆ ಸ್ಟ್ರೆಸ್ ಹೆಚ್ಚುವುದು) ಸೇರಿಸುವ ಮೊದಲು. ತಿರುಗುವ ಶಾಫ್ಟಿನಲ್ಲಿ ಇದು ಪ್ರತಿ ಸುತ್ತಿಗೂ ಎಳೆತದಿಂದ ಒತ್ತಿಗೆ ಬದಲಾಗುವ ಸ್ಟ್ರೆಸ್ ಆದ್ದರಿಂದ, ಫಟೀಗ್ (ಮತ್ತೆ ಮತ್ತೆ ಬದಲಾಗುವ ಭಾರದಿಂದ ಲೋಹ ದಣಿಯುವುದು) ಲೆಕ್ಕದಲ್ಲಿ ಅರ್ಧ ಬೆಲೆ ಹಿಡಿದರೆ ಆಯಸ್ಸಿನ ಅಂದಾಜು ಸಂಪೂರ್ಣ ದಾರಿ ತಪ್ಪುತ್ತದೆ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಹೇಳಿದಂತೆ ಮಾಡಿದಾಗ ಬಾಗು 0.13 ಮಿ.ಮೀ. ಆಸುಪಾಸಿಗೆ ಬಂದಿದೆ, ರಿಯಾಕ್ಷನ್‌ಗಳೂ ತಾಳೆಯಾಗುತ್ತಿವೆ. ಸ್ವಲ್ಪ ಹೆಚ್ಚಿರುವುದಕ್ಕೆ ಶಿಯರ್ ಮತ್ತು 40 ಮಿ.ಮೀ. ಸೀಟುಗಳು ಕಾರಣವೆಂದು ಭಾವಿಸುತ್ತೇನೆ. ಬೇರಿಂಗಿಗೆ ತನ್ನದೇ ಸ್ಟಿಫ್‌ನೆಸ್ (ಭಾರಕ್ಕೆ ಸರಿಯದೆ ನಿಲ್ಲುವ ಬಿಗಿತ) ಇದೆಯಲ್ಲವೇ? ಅದನ್ನು ಸೇರಿಸುವ ಅಗತ್ಯವಿದೆಯೇ, ಇದ್ದರೆ ಅದರ ಬೆಲೆ ಎಲ್ಲಿಂದ ತರಬೇಕು?

ಎರಡನೆಯ ಉತ್ತರ

ಸ್ಟ್ರೆಸ್ ಮಾತ್ರ ಬೇಕಿದ್ದರೆ ಅಗತ್ಯವಿಲ್ಲ. ಎರಡೇ ಆಧಾರಗಳಿರುವಾಗ ರಿಯಾಕ್ಷನ್‌ಗಳು ಸಮತೋಲನದಿಂದಲೇ ನಿರ್ಧಾರವಾಗುತ್ತವೆ, ಸ್ಟಿಫ್‌ನೆಸ್ ಅವುಗಳನ್ನು ಬದಲಿಸದು. ಮೂರನೆಯ ಬೇರಿಂಗ್ ಬಂದರೆ, ಗೇರ್ ಹಲ್ಲುಗಳ ಹೊಂದಾಣಿಕೆ ನೋಡಬೇಕಾದರೆ, ಅಥವಾ ಕ್ರಿಟಿಕಲ್ ಸ್ಪೀಡ್ (ಶಾಫ್ಟ್ ಅತಿಯಾಗಿ ಕಂಪಿಸುವ ವೇಗ) ಬೇಕಾದರೆ ಖಂಡಿತ ಸೇರಿಸಬೇಕು.

ತಯಾರಕರಿಂದ ಬೆಲೆ ಸಿಗದಿದ್ದರೆ ಹೀಗೆ ಅಂದಾಜು ಮಾಡಬಹುದು. 6208ರಲ್ಲಿ ಸಾಮಾನ್ಯವಾಗಿ ಸುಮಾರು 12 ಮಿ.ಮೀ. ವ್ಯಾಸದ 9 ಗುಂಡುಗಳಿರುತ್ತವೆ. ಸ್ಟ್ರೈಬೆಕ್ ಸೂತ್ರದಂತೆ, ಅತಿ ಹೆಚ್ಚು ಭಾರ ಹೊರುವ ಗುಂಡಿನ ಮೇಲೆ ಒಟ್ಟು ಭಾರದ ಐದು ಪಟ್ಟನ್ನು ಗುಂಡುಗಳ ಸಂಖ್ಯೆಯಿಂದ ಭಾಗಿಸಿದಷ್ಟು ಬೀಳುತ್ತದೆ. 3000 ನ್ಯೂಟನ್‌ಗೆ ಅದು 1667 ಆಗುತ್ತದೆ. ಆ ಸಂಖ್ಯೆಯ ಮೂರನೇ ಎರಡು ಘಾತವನ್ನು ಗುಂಡಿನ ವ್ಯಾಸದ ಘನಮೂಲದಿಂದ ಭಾಗಿಸಿ 0.000436ರಿಂದ ಗುಣಿಸಿದರೆ ರೇಡಿಯಲ್ ಸರಿತ (ಸರಿಯುವ ದೂರ) ಸುಮಾರು 0.027 ಮಿ.ಮೀ. ಎಂದು ಸಿಗುತ್ತದೆ. ಹಾಗಾದರೆ ಸ್ಥಿರ ಭಾರಕ್ಕೆ ಸ್ಟಿಫ್‌ನೆಸ್ ಪ್ರತಿ ಮೈಕ್ರಾನಿಗೆ ಸುಮಾರು 112 ನ್ಯೂಟನ್, ಮಧ್ಯದ ಬಾಗಿಗೆ ಇನ್ನೊಂದು 0.027 ಸೇರುತ್ತದೆ. ಶಾಫ್ಟಿನದೇ ಬಾಗಿನ ಐದನೇ ಒಂದು ಭಾಗಕ್ಕಿಂತ ಇದು ಹೆಚ್ಚು ಎಂಬುದನ್ನು ಗಮನಿಸಿ.

ಹರ್ಟ್ಜ್ ಸಂಪರ್ಕದಲ್ಲಿ (ಬಾಗಿದ ಮೇಲ್ಮೈಗಳು ಒತ್ತಿಕೊಳ್ಳುವಲ್ಲಿ) ಬಲವು ಸರಿತದ ಒಂದೂವರೆ ಘಾತದಂತೆ ಏರುವುದರಿಂದ ಸ್ಟಿಫ್‌ನೆಸ್ ಭಾರದೊಂದಿಗೆ ಬದಲಾಗುತ್ತದೆ. ಕಂಪನದ ಲೆಕ್ಕಕ್ಕೆ ಆ ಭಾರದ ಬಿಂದುವಿನಲ್ಲಿ ಬಲ-ಸರಿತ ರೇಖೆಯ ಇಳಿಜಾರು ಬೇಕು; ಅದು ಮೇಲಿನದರ ಒಂದೂವರೆ ಪಟ್ಟು, ಸುಮಾರು 168. ಈ ಲೆಕ್ಕದಲ್ಲಿ ಒಳಗಿನ ಕ್ಲಿಯರೆನ್ಸ್ (ಗುಂಡುಗಳ ಸಡಿಲ) ಸೇರಿಲ್ಲ. 40 ಮಿ.ಮೀ. ಬೋರಿನ ಸಾಮಾನ್ಯ ಬೇರಿಂಗಿನಲ್ಲಿ ಕೂರಿಸುವ ಮೊದಲು ಅದು 6ರಿಂದ 20 ಮೈಕ್ರಾನ್ ಇರುತ್ತದೆ. ವರ್ಕ್‌ಬೆಂಚ್‌ನ ಕನೆಕ್ಷನ್‌ಗಳಲ್ಲಿ ಬೇರಿಂಗ್ ಎಂಬ ಆಯ್ಕೆಯಿದ್ದು, ಅದರ ಎರಡು ರೇಡಿಯಲ್ ದಿಕ್ಕುಗಳ ಸ್ಟಿಫ್‌ನೆಸ್ ಆದ ಕೆ11 ಮತ್ತು ಕೆ22ಕ್ಕೆ ಈ ಬೆಲೆಯನ್ನು ಕೊಡಬಹುದು. ಅದು ರೇಡಿಯಲ್ ದಿಕ್ಕಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಅಕ್ಷದ ಹಿಡಿತವನ್ನು ನೀವೇ ಬೇರೆಯಾಗಿ ಕೊಡಬೇಕು. ಹೌಸಿಂಗ್ ತೆಳು ಅಲ್ಯೂಮಿನಿಯಮ್ ಎರಕದ್ದಾಗಿದ್ದರೆ ಅದರ ಸ್ಟಿಫ್‌ನೆಸ್ ಕೂಡ ಸರಣಿಯಲ್ಲಿ ಸೇರಿಕೊಳ್ಳುತ್ತದೆ.

ಮೂರನೆಯ ಉತ್ತರ

ಮೇಲಿನ ಎರಡೂ ಉತ್ತರಗಳಿಗೆ ನನ್ನ ಸಹಮತವಿದೆ, ಆದರೆ ಓರೆಯನ್ನು ಮುಕ್ತವಾಗಿ ಬಿಡುವ ನಿಯಮ ಎಲ್ಲ ಬೇರಿಂಗ್‌ಗಳಿಗೂ ಹೊಂದುವುದಿಲ್ಲ. ಆಂಗ್ಯುಲರ್ ಕಾಂಟ್ಯಾಕ್ಟ್ ಅಥವಾ ಟೇಪರ್ ರೋಲರ್ ಬೇರಿಂಗ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಪ್ರೀಲೋಡ್ (ಜೋಡಿಸುವಾಗಲೇ ಕೊಡುವ ಒತ್ತು) ಕೊಟ್ಟಿದ್ದರೆ ಆ ಜೋಡಿ ಓರೆಯನ್ನೂ ಗಟ್ಟಿಯಾಗಿ ತಡೆಯುತ್ತದೆ. ಅಲ್ಲಿ ಪ್ರತಿ ಬೇರಿಂಗಿನ ಬಲದ ಬಿಂದು ಅಗಲದ ಮಧ್ಯದಲ್ಲಿರದೆ, ಸಂಪರ್ಕರೇಖೆಗಳು ಅಕ್ಷವನ್ನು ಸಂಧಿಸುವ ಕಡೆ ಇರುತ್ತದೆ. ಕ್ಯಾಟಲಾಗ್‌ನಲ್ಲಿ ಆ ದೂರವನ್ನು ಕೊಟ್ಟಿರುತ್ತಾರೆ, ರಿಮೋಟ್ ಬಿಂದುವನ್ನು ಅಲ್ಲಿಯೇ ಇಡಬೇಕು.

ನಿಮ್ಮ ಮಾದರಿಯಿಂದ ಇನ್ನೊಂದು ಸಂಖ್ಯೆಯನ್ನು ತೆಗೆದು ನೋಡಿ: ಬೇರಿಂಗ್ ಇರುವಲ್ಲಿ ಶಾಫ್ಟಿನ ಓರೆ. ಕೈಲೆಕ್ಕದಲ್ಲಿ ಅದು 0.00093 ರೇಡಿಯನ್, ಅಂದರೆ ಸುಮಾರು 3.2 ಆರ್ಕ್ ಮಿನಿಟ್ (ಒಂದು ಡಿಗ್ರಿಗೆ 60 ಮಿನಿಟ್). ಡೀಪ್ ಗ್ರೂವ್ ಬಾಲ್ ಬೇರಿಂಗ್ ಸಂದರ್ಭಕ್ಕೆ ತಕ್ಕಂತೆ 2ರಿಂದ 10 ಮಿನಿಟ್ ತಾಳುತ್ತದೆ. ಸಿಲಿಂಡ್ರಿಕಲ್ ರೋಲರ್ ಬೇರಿಂಗ್ ತಾಳುವುದು 3ರಿಂದ 4 ಮಾತ್ರ. ಮುಂದೆ ಭಾರ ಹೆಚ್ಚಾಯಿತೆಂದು ರೋಲರ್ ಬೇರಿಂಗಿಗೆ ಹೋಗುವ ಯೋಚನೆಯಿದ್ದರೆ, ಮೊದಲು ಶಾಫ್ಟಿನ ವ್ಯಾಸ ಹೆಚ್ಚಿಸಿ ಈ ಓರೆಯನ್ನು ಇಳಿಸಿಕೊಳ್ಳಿ.