ಒಂದೇ ನಳಿಗೆ, ಎರಡು ಟ್ರಿಗರ್: ಈ ಹಳೇ ರೈಫಲ್ ಎಲ್ಲಿಯದು?

ಕಲ್ಪತರು ನಾಡು (ತಿಪಟೂರು):
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಹತ್ತಿರ ತಾತನ ಕಾಲದ ಒಂದು ಕೋವಿ ಇದೆ. ಲೈಸೆನ್ಸ್ ದೊಡ್ಡಪ್ಪನ ಹೆಸರಿನಲ್ಲೇ ಇದೆ. ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಡಿಪಾಜಿಟ್ ಆಗಿ ಬರುತ್ತದೆ. ತೋಟದಲ್ಲಿ ಹಂದಿ ಕಾಟ ಎಷ್ಟೇ ಆದರೂ ಅದರಿಂದ ಯಾರೂ ಗುಂಡು ಹಾರಿಸಿಲ್ಲ. ಯಾವ ಕಾಡತೂಸು ಹಾಕಬೇಕು ಅಂತ ಯಾರಿಗೂ ಗೊತ್ತಿಲ್ಲ, ಅಷ್ಟೇ. ಈಗ ರಿನ್ಯೂವಲ್‌ಗೆ ಹೋದಾಗ "ಮೇಕ್ ಯಾವುದು, ಬೋರ್ (ನಳಿಗೆಯ ಒಳ ಅಳತೆ) ಎಷ್ಟು?" ಅಂತ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು.

ನಳಿಗೆ ಎಂಟು ಮೂಲೆಯದು, ತುಂಬಾ ಭಾರ. ಕೆಳಗೆ ಬೆರಳು ತೂರಿಸುವ ಲಿವರ್ ಇದೆ, ಹೊರಗೆ ಕುದುರೆ (ಕಾಡತೂಸಿಗೆ ಬಡಿಯುವ ಸುತ್ತಿಗೆ) ಇಲ್ಲ. ಬಟ್ಟಿನ ಕೊನೆಯಲ್ಲಿ ಕೊಂಬಿನ ಹಾಗೆ ಬಾಗಿದ ಕಬ್ಬಿಣ. ಕೆನ್ನೆ ಇಡಲು ಮರದಲ್ಲಿ ಉಬ್ಬು. ವಿಚಿತ್ರ ಏನೆಂದರೆ ನಳಿಗೆ ಒಂದೇ, ಟ್ರಿಗರ್ ಎರಡು. ನಳಿಗೆ ಮೇಲೆ ಮದ್ರಾಸಿನ ಒಂದು ಅಂಗಡಿಯ ಹೆಸರು ಅರ್ಧ ಸವೆದಿದೆ. ಒಬ್ಬ ವ್ಯಾಪಾರಿ ಬಂದು "ಬ್ರಿಟಿಷ್ ಮಿಲಿಟರಿ ಮಾರ್ಟಿನಿ-ಹೆನ್ರಿ, ಕೊಡ್ತೀರಾ?" ಅಂದ. ನಿಜಾನಾ?

ಚಾಂಪಿಯನ್ ರೀಫ್ (ಕೆಜಿಎಫ್):
ಅಣ್ಣಾ, ಇದು ನಮ್ಮೂರ ಕಡೆಯಿಂದ ಬಂದಿರಬಹುದು. 1880ರಲ್ಲಿ ಚಿನ್ನದ ಗಣಿಯ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಲ್ಲಿ ದೊರೆಗಳಿಗೇನು ಕಮ್ಮಿ? ಕ್ಲಬ್ಬು, ಶಿಕಾರಿ, ವಾಲಂಟಿಯರ್ ಪಡೆ ಎಲ್ಲಾ ಇತ್ತು. ಯಾರೋ ಸಾಹೇಬ ಊರಿಗೆ ಹೋಗುವಾಗ ಮಾರಿ ಹೋಗಿರುತ್ತಾನೆ.

ಹಳೇ ಕೋವಿ (ತುಮಕೂರು):
ಕೆಜಿಎಫ್ ಕಥೆ ಚೆನ್ನಾಗಿದೆ. ಆದರೆ ಕಾಗದ ಸಿಗುವ ತನಕ ಕಥೆ ಕಥೆಯೇ. ಕಬ್ಬಿಣ ಏನು ಹೇಳುತ್ತದೆ ಅಂತ ಮೊದಲು ನೋಡೋಣ.

ಎಲ್ಲಕ್ಕಿಂತ ಮುಂಚೆ ಲಿವರ್ ಇಳಿಸಿ ಒಳಗೆ ಖಾಲಿ ಇದೆ ಅಂತ ಕಣ್ಣಾರೆ ನೋಡಿ. ಎರಡು ಟ್ರಿಗರ್ ಇರುವ ಕೋವಿಯಲ್ಲಿ ಇದು ಇನ್ನೂ ಮುಖ್ಯ. ಎರಡನೆಯದು ಕಳೆದುಹೋದ ನಳಿಗೆಯದ್ದಲ್ಲ, ಅದು ಸೆಟ್ ಟ್ರಿಗರ್. ಹಿಂದಿನದನ್ನು ಎಳೆದರೆ "ಟಿಕ್" ಅಂತ ಕೂರುತ್ತದೆ. ಆಮೇಲೆ ಮುಂದಿನದಕ್ಕೆ ಬೆರಳು ಸೋಕಿದರೆ ಸಾಕು, ಬಿಡುತ್ತದೆ. ನಿಂತುಕೊಂಡು ಗುರಿ ಇಡುವಾಗ ಕೈ ಅಲುಗಬಾರದು ಅಂತ ಈ ಏರ್ಪಾಡು. ಕೊಂಬಿನ ಬಟ್ಟು, ಭಾರದ ನಳಿಗೆ, ಕೆನ್ನೆ ಉಬ್ಬು, ಇವೂ ಅದಕ್ಕೇ. ಸಾಮಾನ್ಯ ಸಿಪಾಯಿಗೆ ಇಂಥ ಟ್ರಿಗರ್ ಕೊಡುತ್ತಿರಲಿಲ್ಲ. ವ್ಯಾಪಾರಿ ಮಾತು ಬಿಡಿ.

ಆದರೂ ಅವನು ಮಾರ್ಟಿನಿ ಅಂದಿದ್ದು ಪೂರ್ತಿ ಸುಳ್ಳಲ್ಲ. ಲಿವರ್ ಇಳಿಸಿದಾಗ ಬ್ಲಾಕ್ (ನಳಿಗೆಯ ಹಿಂಬದಿ ಮುಚ್ಚುವ ಕಬ್ಬಿಣದ ತುಂಡು) ಹಿಂದಿನ ಕೀಲಿನ ಮೇಲೆ ನಿಂತು ಮುಂದಿನ ತುದಿ ಮಾತ್ರ ಬಗ್ಗಿದರೆ ಅದು ಮಾರ್ಟಿನಿ ಥರದ್ದು. ಇಡೀ ಬ್ಲಾಕ್ ನೆಟ್ಟಗೆ ಕೆಳಗಿಳಿದರೆ ಸ್ಕಾಟ್ಲೆಂಡಿನ ಫಾರ್ಕರ್ಸನ್ ಅಂಥದ್ದು. ಬಗ್ಗುವ ಬ್ಲಾಕಿಗೆ 1862ರಲ್ಲಿ ಪೇಟೆಂಟ್ ತೆಗೆದವನು ಅಮೆರಿಕದ ಪೀಬಾಡಿ. ಹೊರಗಿನ ಕುದುರೆ ತೆಗೆದು ಒಳಗೇ ಸ್ಪ್ರಿಂಗ್ ಕೂರಿಸಿದವನು ಸ್ವಿಟ್ಜರ್ಲೆಂಡಿನ ಮಾರ್ಟಿನಿ. ಎಡಿನ್‌ಬರಾದ ಹೆನ್ರಿಯ ನಳಿಗೆ ಸೇರಿಸಿ 1871ರಲ್ಲಿ ಬ್ರಿಟಿಷ್ ಸೈನ್ಯ ತೆಗೆದುಕೊಂಡದ್ದು ಮಾರ್ಟಿನಿ-ಹೆನ್ರಿ. ಆಮೇಲೆ ಆ ಆಕ್ಷನ್ನನ್ನು (ತುಂಬುವ, ಹಾರಿಸುವ ಯಂತ್ರಭಾಗವನ್ನು) ಬರ್ಮಿಂಗ್‌ಹ್ಯಾಮ್, ಬೆಲ್ಜಿಯಂನ ಲಿಯೇಜ್, ಜರ್ಮನಿಯ ಸೂಲ್, ಎಲ್ಲ ಕಡೆ ಮಾಡಿದರು. ಹಾಗಾಗಿ ಆಕ್ಷನ್ ನೋಡಿ ಊರು ಹೇಳಕ್ಕಾಗಲ್ಲ.

ಮದ್ರಾಸಿನ ಹೆಸರೂ ಊರು ಹೇಳುವುದಿಲ್ಲ. ಪಿ. ಓರ್, ಓಕ್ಸ್ ಅಂಥ ದೊಡ್ಡ ಅಂಗಡಿಗಳು ಹೊರದೇಶದಿಂದ ಕೋವಿ ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಅದು ಮಾರಿದವನ ಹೆಸರು. ನಮಗೆ ಬೇಕಾಗಿರುವುದು ನಳಿಗೆಯ ಹೊಟ್ಟೆಯಲ್ಲಿರುವ ಪರೀಕ್ಷೆಯ ಮುದ್ರೆಗಳು, ಅಂದರೆ ನಳಿಗೆ ಗಟ್ಟಿ ಇದೆಯಾ ಅಂತ ಪರೀಕ್ಷಿಸಿ ಆಯಾ ದೇಶದಲ್ಲಿ ಹೊಡೆದ ಗುರುತುಗಳು. ಮುಂದಿನ ಮರ ತೆಗೆದರೆ ಕಾಣುತ್ತವೆ. ನೀವೇ ಸ್ಕ್ರೂಡ್ರೈವರ್ ಹಾಕಬೇಡಿ, ಸ್ಕ್ರೂ ತಲೆ ಹಾಳಾಗುತ್ತದೆ. ಲೈಸೆನ್ಸ್ ಇರುವ ಗನ್ ರಿಪೇರಿಯವರ ಹತ್ತಿರ ದೊಡ್ಡಪ್ಪನೇ ತೆಗೆದುಕೊಂಡು ಹೋಗಲಿ. ಕಾಡತೂಸು ಕೂರುವ ಜಾಗದ ಅಚ್ಚು ತೆಗೆಯಲೂ ಹೇಳಿ. ಮುದ್ರೆ ಸರಿಯಾಗಿ ಕಾಣಲಿ ಅಂತ ಹುಣಸೆಹಣ್ಣು, ಬೂದಿ, ಸ್ಯಾಂಡ್ ಪೇಪರ್ ಯಾವುದೂ ಮುಟ್ಟಿಸಬೇಡಿ. ಎಣ್ಣೆ ಬಟ್ಟೆ ಸಾಕು. ಫೋಟೋ ಹಾಕುವಾಗ ನಂಬರ್ ಮುಚ್ಚಿ.

ಕಲ್ಪತರು ನಾಡು:
ಸಾರ್, ತೆಗೆಸಿದೆವು. ಬ್ಲಾಕಿನ ಮುಂದಿನ ತುದಿ ಬಗ್ಗುತ್ತದೆ. ನಳಿಗೆ ಕೆಳಗೆ ಕಿರೀಟದ ಗುರುತು ಮೂರು ಇವೆ, ಅದರಡಿ ಬಿ, ಜಿ, ಯು ಅಂತ ಇಂಗ್ಲಿಷ್ ಅಕ್ಷರ. ಕಿರೀಟ ಅಂದರೆ ಇಂಗ್ಲೆಂಡೇ ಅಲ್ವಾ? ಪಕ್ಕದಲ್ಲಿ "7.8 ಎಂಎಂ", ಸ್ವಲ್ಪ ದೂರದಲ್ಲಿ "8.13". ಬೋರ್ ಯಾವುದು, 7.8ಓ 8.13ಓ? ಮಾಡಿದವರ ಹೆಸರು ಎಲ್ಲೂ ಇಲ್ಲ. ಅಚ್ಚಿನ ಪ್ರಕಾರ ಅದು 8.15×46 ಆರ್ ಅಂತ ರಿಪೇರಿಯವರು ಬರೆದುಕೊಟ್ಟಿದ್ದಾರೆ. ಮೂರು ಲೆಕ್ಕ ಆಯ್ತು!

ಹಳೇ ಕೋವಿ:
ಆಹಾ, ಇದು ಜರ್ಮನಿ!

ಕಿರೀಟ ಬರೀ ಇಂಗ್ಲೆಂಡಿನದಲ್ಲ. ಬರ್ಮಿಂಗ್‌ಹ್ಯಾಮ್ ಆಗಿದ್ದರೆ 1904ಕ್ಕೆ ಮುಂಚಿನದರಲ್ಲಿ ಅಡ್ಡಡ್ಡ ರಾಜದಂಡ, ಆಮೇಲಿನದರಲ್ಲಿ ಕಿರೀಟದಡಿ ಬಿಪಿ, ಬಿವಿ ಅಂತ ಜೋಡಿ ಅಕ್ಷರ ಇರುತ್ತಿತ್ತು. ಲಿಯೇಜ್ ಆಗಿದ್ದರೆ ಮೊಟ್ಟೆ ಆಕಾರದೊಳಗೆ ಇಎಲ್‌ಜಿ. ಕಿರೀಟದಡಿ ಒಂಟಿ ಅಕ್ಷರ ಬಿ, ಜಿ, ಯು ಅಂದರೆ ಜರ್ಮನಿಯ 1891ರ ಕಾನೂನಿನ ಮುದ್ರೆ. ಬಿ ಅಂದರೆ ಗುಂಡು ಹಾರಿಸಿ ಪರೀಕ್ಷಿಸಿದ್ದು, ಜಿ ಅಂದರೆ ಒಳಗೆ ಸುತ್ತುಗೀರು ಇರುವ ನಳಿಗೆ, ಯು ಅಂದರೆ ಕಣ್ಣಿನಿಂದ ತಪಾಸಣೆ ಆದದ್ದು. ಹೊಗೆ ಬರದ ಹೊಸ ಮದ್ದಿನ ಪರೀಕ್ಷೆಗೆ ಎನ್ ಅಂತ ಇರುತ್ತಿತ್ತು. ನಿಮ್ಮದರಲ್ಲಿ ಅದಿಲ್ಲ, ಆದ್ದರಿಂದ ಗುಂಡು ಹಾರಿಸುವ ಯೋಚನೆಯೇ ಬೇಡ.

ಈಗ ಲೆಕ್ಕ. 7.8 ನಳಿಗೆಯೊಳಗಿನ ಅಳತೆ, ಗೀರುಗಳ ನಡುವಿನ ಉಬ್ಬಿನಿಂದ ಉಬ್ಬಿಗೆ ಅಳೆದದ್ದು. 8.15×46 ಆರ್ ಕಾಡತೂಸಿನ ಹೆಸರು. ಜರ್ಮನಿಯ ಗುರಿ ಸಂಘಗಳಲ್ಲಿ ಮನೆಮಾತಾಗಿದ್ದದ್ದು ಇದೇ. 46 ಅಂದರೆ ಕಾಡತೂಸಿನ ಹಿತ್ತಾಳೆ ಕೇಸಿನ ಉದ್ದ ಮಿಲಿಮೀಟರಿನಲ್ಲಿ, ಆರ್ ಅಂದರೆ ಬುಡದಲ್ಲಿ ಅಂಚು ಇರುವ ಕೇಸು. ಇವೆರಡೂ ಜೊತೆಗೇ ಇರುವಂಥವು, ಜಗಳ ಇಲ್ಲ. ಇನ್ನು 8.13 ಬೋರೇ ಅಲ್ಲ, ತಾರೀಕು. ಎಂಟನೇ ತಿಂಗಳು, 13ನೇ ಇಸವಿ. ನಿಮ್ಮ ನಳಿಗೆ 1913ರ ಆಗಸ್ಟಿನಲ್ಲಿ ಪರೀಕ್ಷೆ ಆಗಿದೆ.

ಒಂದು ವರ್ಷಕ್ಕೆ ಸರಿಯಾಗಿ ಮೊದಲ ಮಹಾಯುದ್ಧ ಶುರು ಆಯಿತು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡನ್ ಯುದ್ಧಹಡಗು ಮದ್ರಾಸಿಗೆ ಶೆಲ್ ಹೊಡೆದು ಎಣ್ಣೆ ಟ್ಯಾಂಕು ಸುಟ್ಟಿತು. ಅದಾದ ಮೇಲೆ ಆ ಊರಿನಲ್ಲಿ ಜರ್ಮನ್ ರೈಫಲ್ ಅಂತ ಹೇಳಿ ಮಾರುವ ಧೈರ್ಯ ಯಾವ ಅಂಗಡಿಗೆ ಇರುತ್ತಿತ್ತು? ಹಾಗಾಗಿ ಯುದ್ಧಕ್ಕೆ ಮುಂಚೆ ಸಿಕ್ಕ ಕೆಲವೇ ತಿಂಗಳಲ್ಲಿ ಬಂದಿರಬೇಕು, ಇಲ್ಲವೇ ಎಷ್ಟೋ ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡಾಗಿ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಹಳೇ ಮಾಲಿಗೆ ಹೆಸರು ಕೆತ್ತಿಸುವ ಖರ್ಚು ಯಾರೂ ಮಾಡುವುದಿಲ್ಲ.

ಚಾಂಪಿಯನ್ ರೀಫ್:
ಸರಿ, ಸೋತೆ. ಆದರೂ ಕೊಂಡವನು ಕೆಜಿಎಫ್ ಸಾಹೇಬ ಆಗಿರಬಹುದಲ್ವಾ? ಮದ್ರಾಸ್ ರೈಲು ನಮ್ಮ ಬಾಗಿಲಲ್ಲೇ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):
ಸಾಹೇಬನನ್ನು ಆಮೇಲೆ ಹುಡುಕಿ. ಲೈಸೆನ್ಸಿನಲ್ಲಿ ಈಗ ಏನಂತ ಬರೆದಿದೆ? ನನ್ನ ಅನುಮಾನ ಅಲ್ಲಿದೆ.

ಕಲ್ಪತರು ನಾಡು:
"ಎಸ್‌ಬಿಬಿಎಲ್" ಅಂತ ಇದೆ. ಬೋರ್ ಕಾಲಂ ಖಾಲಿ.

ನಂದಿ ತಪ್ಪಲು:
ಅಂದುಕೊಂಡೆ. ಎಸ್‌ಬಿಬಿಎಲ್ ಅಂದರೆ ಹಿಂದಿನಿಂದ ತುಂಬುವ ಒಂಟಿ ನಳಿಗೆ ಕೋವಿ, ಚರೆ ಹಾರಿಸುವಂಥದ್ದಕ್ಕೆ ಬರೆಯುವುದು. ನಿಮ್ಮದು ರೈಫಲ್. ಹಿಂದೆ ಯಾರೋ ಒಂದು ನಳಿಗೆ ನೋಡಿ ಬರೆದುಬಿಟ್ಟಿದ್ದಾರೆ. ಡಿಸಿ ಆಫೀಸಿನ ಶಸ್ತ್ರ ಲೈಸೆನ್ಸ್ ವಿಭಾಗಕ್ಕೆ ದೊಡ್ಡಪ್ಪನೇ ಅರ್ಜಿ ಕೊಟ್ಟು ತಿದ್ದಿಸಲಿ, ಅಚ್ಚಿನ ವರದಿ ಲಗತ್ತಿಸಲಿ. ಸ್ವೀಕೃತಿ ಸೀಲು ಮರೀಬೇಡಿ.

"ನೂರು ವರ್ಷ ಆಯ್ತು, ಲೈಸೆನ್ಸೇ ಬೇಡ" ಅಂತ ಯಾರಾದರೂ ಹೇಳುತ್ತಾರೆ, ನಂಬಬೇಡಿ. 1959ರ ಶಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೇ ಆಯುಧಕ್ಕೆ ಮಾತ್ರ. ನಿಮ್ಮದು ಚೆನ್ನಾಗೇ ಇದೆ. ಹೊರದೇಶದ ಸಂಗ್ರಾಹಕರಿಗೆ ಮಾರುವ ಆಸೆಯೂ ಬೇಡ, ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ.

ಹಳೇ ಕೋವಿ:
ಡಿಸಿ ಆಫೀಸಿಗೆ ಹೋದಾಗಲೇ ರೆಕಾರ್ಡ್ ರೂಮಿನಲ್ಲಿ ತಾತನ ಹೆಸರಿನ ಹಳೇ ಲೈಸೆನ್ಸ್ ಫೈಲಿನ ನಕಲು ಕೇಳಿ. ಯಾರಿಂದ ಕೊಂಡದ್ದು ಅಂತ ಅದರಲ್ಲಿ ಇದ್ದರೆ ಇರಬೇಕು. ಮನೆಯ ಟ್ರಂಕಿನಲ್ಲಿ ಮೈಸೂರು ಸರ್ಕಾರದ ಕಾಲದ ಲೈಸೆನ್ಸ್ ಪುಸ್ತಕ ಇದ್ದರೂ ನೋಡಿ. ನಳಿಗೆಯ ನಂಬರೂ ಆಕ್ಷನ್ನಿನ ನಂಬರೂ ಒಂದೇನಾ?

ಕಲ್ಪತರು ನಾಡು:
ಎರಡೂ ಒಂದೇ ಸಾರ್. ಟ್ರಂಕ್ ಕೀ ಅತ್ತೆ ಹತ್ತಿರ ಇದೆ, ಅವರು ಮಗಳ ಮನೆಗೆ ಸಿರಾಕ್ಕೆ ಹೋಗಿದ್ದಾರೆ. ಅರ್ಜಿಯಲ್ಲಿ ಏನಂತ ಬರೆಯೋಣ?

ಹಳೇ ಕೋವಿ:
ಹೀಗೆ ಬರೆಯಿರಿ: "ಸಿಂಗಲ್ ಶಾಟ್ ಟಾರ್ಗೆಟ್ ರೈಫಲ್, ಮಾರ್ಟಿನಿ ಥರದ ಆಕ್ಷನ್, ಕ್ಯಾಲಿಬರ್ 8.15×46 ಆರ್, ಜರ್ಮನ್ ಪರೀಕ್ಷಾ ಮುದ್ರೆ, ಆಗಸ್ಟ್ 1913. ತಯಾರಕರ ಹೆಸರಿಲ್ಲ. ನಳಿಗೆ ಮೇಲೆ ಮದ್ರಾಸಿನ ಮಾರಾಟಗಾರರ ಹೆಸರಿದೆ." ಕೆಳಗೆ ನಂಬರ್ ಹಾಕಿ. ಸೂಲ್‌ನಲ್ಲಿ ಮಾಡಿರಬಹುದು ಅನ್ನಿಸಿದರೂ ಆ ಊರಿನ ಹೆಸರು ಸೇರಿಸಬೇಡಿ, ಅದು ಬರೀ ಊಹೆ.