ಉಸಿರುನಾಳಕ್ಕೆ ಸ್ಟೆಂಟ್: ಹಾಕಿಸಿಕೊಂಡವರು ಇದ್ದರೆ ಹೇಳಿ

ದಾವಣಗೆರೆಯಿಂದ ಕೇಳಿದ್ದು:
ಬೈಕ್ ಅಪಘಾತವಾಗಿ ನನ್ನ ತಮ್ಮ 18 ದಿನ ವೆಂಟಿಲೇಟರ್‌ನಲ್ಲಿದ್ದ. ಮನೆಗೆ ಬಂದ ಎರಡು ತಿಂಗಳಿಗೆ ಉಸಿರಾಡುವಾಗ ಸಿಳ್ಳೆಯಂಥ ಸದ್ದು ಶುರುವಾಯಿತು. ಉಸಿರುನಾಳ ಕಿರಿದಾಗಿದೆ, ಅದನ್ನು ತೆರೆದಿಡಲು ಒಳಗೆ ಸ್ಟೆಂಟ್ ಅನ್ನುವ ಚಿಕ್ಕ ಕೊಳವೆ ಹಾಕಬೇಕಾಗಬಹುದು ಅಂದಿದ್ದಾರೆ. ಹಾಕಿಸಿದ ಮೇಲೆ ಹೇಗಿರುತ್ತದೆ?

ಜಗಳೂರಿನಿಂದ:
ಅಕ್ಕ, ನಮ್ಮ ಯಜಮಾನರಿಗೆ ಹಾಕಿಸಿ ಹನ್ನೊಂದು ತಿಂಗಳಾಯಿತು. ಅವರದೂ ವೆಂಟಿಲೇಟರ್‌ನಿಂದ ಬಂದದ್ದೇ. ವೆಂಟಿಲೇಟರ್‌ಗೆಂದು ಗಂಟಲೊಳಗೆ ಹಾಕುವ ಕೊಳವೆಯ ಬಲೂನ್ ಉಸಿರುನಾಳದ ಒಳಗೋಡೆಯನ್ನು ಒತ್ತಿ ಹುಣ್ಣಾಗುತ್ತದಂತೆ. ಅದು ಮಾಯುವಾಗ ಕಲೆ ಗಟ್ಟಿಯಾಗಿ ದಾರಿ ಬಿಗಿಯುತ್ತದೆ. ನಮಗೆ ನಾಲ್ಕು ತಿಂಗಳು ಆಸ್ತಮಾ ಅಂತ ಇನ್‌ಹೇಲರ್ ಕೊಟ್ಟರು. ಆಸ್ತಮಾದ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ. ಇವರಿಗೆ ಎಳೆದುಕೊಳ್ಳುವಾಗ ಬರುತ್ತಿತ್ತು. ಅದನ್ನು ಆಗಲೇ ಯಾರಾದರೂ ಕಿವಿಗೊಟ್ಟು ಕೇಳಿದ್ದರೆ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಮೊದಲು ಒಂದು ಮಾತು ಕೇಳಿ: ಕಿರಿದಾದ ಭಾಗವನ್ನು ಕತ್ತರಿಸಿ ಜೋಡಿಸಲು ಆಗುತ್ತದೆಯೇ? ಆ ಭಾಗ ಚಿಕ್ಕದಿದ್ದು ದೇಹ ತಡೆಯುವಂತಿದ್ದರೆ ಅದೇ ಹೆಚ್ಚು ಬಾಳುವ ದಾರಿ. ಇವರ ಹೃದಯ ಬಲಹೀನ, ಹಾಗಾಗಿ ನಮಗೆ ಸ್ಟೆಂಟೇ ಗತಿಯಾಯಿತು. ಯಾವ ಸ್ಟೆಂಟ್ ಅಂತಲೂ ಕೇಳಿ. ಕ್ಯಾನ್ಸರ್ ಅಲ್ಲದ ಕಿರಿದಾಗುವಿಕೆಗೆ ಸಿಲಿಕೋನ್‌ನದ್ದನ್ನು ಹಾಕುತ್ತಾರೆ, ಬೇಕಾದಾಗ ತೆಗೆಯಬಹುದು. ಲೋಹದ ಬಲೆಯದ್ದು ಮಾಂಸದೊಳಗೆ ಹೂತುಕೊಳ್ಳುತ್ತದೆ. ಅದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ.

ಪೂರ್ತಿ ಮಂಪರು ಕೊಟ್ಟು ಬಾಯಿಯಿಂದಲೇ ಹಾಕಿದರು. ಹೊಲಿಗೆ ಏನೂ ಇಲ್ಲ. ಎಚ್ಚರವಾದಾಗ ಉಸಿರಿಗೆ ಸದ್ದೇ ಇರಲಿಲ್ಲ. ನಾನು ಎದೆಗೆ ಕಿವಿಯಿಟ್ಟು ನೋಡಿದೆ.

ಕೆಲಸ ಇರುವುದು ಆಮೇಲೆ. ಸ್ಟೆಂಟ್ ಇರುವ ಕಡೆ ಕಫ ತಾನಾಗಿ ಮೇಲಕ್ಕೆ ಬರುವುದಿಲ್ಲ, ಅಲ್ಲೇ ಅಂಟುತ್ತದೆ. ನಮಗೆ ದಿನಕ್ಕೆ ಮೂರು ಸಲ ಸಲೈನ್ ನೆಬ್ಯುಲೈಸರ್, ಅಂದರೆ ಉಪ್ಪುನೀರನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಮೆಷಿನ್, ಹೇಳಿದ್ದಾರೆ. ಮದುವೆಗೆಂದು ಹಿರಿಯೂರಿಗೆ ಹೋದಾಗ ಎರಡು ದಿನ ಬಿಟ್ಟೆವು. ಮೂರನೇ ರಾತ್ರಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಿತು, ಆಂಬ್ಯುಲೆನ್ಸ್‌ನಲ್ಲಿ ಓಡಿದೆವು. ಈಗ ಎಲ್ಲಿಗೆ ಹೋದರೂ ಮೆಷಿನ್ ಜೊತೆಗೇ ಇರುತ್ತದೆ. ಕರೆಂಟ್ ಹೋಗುತ್ತದೆ ಅಂತ ಮನೆಗೆ ಇನ್ವರ್ಟರ್ ಹಾಕಿಸಿದೆವು. ಮೆಕ್ಕೆಜೋಳ ಒಕ್ಕುವ ದಿನ ಕಣದ ಹತ್ತಿರ ಬಿಡುವುದಿಲ್ಲ, ಧೂಳು ಜಾಸ್ತಿ ಅಲ್ವಾ. ಸ್ಟೆಂಟ್ ಎಲ್ಲಿದೆ, ಯಾವ ಅಳತೆ ಎಂದು ಬರೆದ ಕಾರ್ಡ್ ಸದಾ ಜೇಬಿನಲ್ಲಿರಲಿ. ತುರ್ತಿನಲ್ಲಿ ಗಂಟಲಿಗೆ ಕೊಳವೆ ಹಾಕುವ ಡಾಕ್ಟರಿಗೆ ಅದು ತಿಳಿದಿರಲೇಬೇಕು.

ಹೊಳಲ್ಕೆರೆಯಿಂದ:
ನನ್ನ ಸ್ಟೆಂಟ್ ಮೂರನೇ ವಾರಕ್ಕೇ ಜಾರಿತ್ತು. ಇದ್ದಕ್ಕಿದ್ದಂತೆ ಒಣ ಕೆಮ್ಮು ಬಂತು, ಏದುಸಿರು ಮರಳಿತು. ಸುಮ್ನೆ ಕಾಯಬೇಡಿ, ಕೂಡಲೇ ಹೋಗಿ. ಆಮೇಲೆ ಸ್ಟೆಂಟಿನ ಅಂಚಿನಲ್ಲಿ ಮಾಂಸ ಬೆಳೆದು ಮತ್ತೊಮ್ಮೆ ಹೋಗಿ ಆ ಮಾಂಸ ತೆಗೆಸಬೇಕಾಯಿತು. ವರ್ಷವಾದ ಮೇಲೆ ಸ್ಟೆಂಟ್ ಹೊರತೆಗೆದರು. ಈಗ ಮೆಟ್ಟಿಲು ಹತ್ತುತ್ತೇನೆ, ಆದರೂ ತಪಾಸಣೆ ಬಿಟ್ಟಿಲ್ಲ.

ದಾವಣಗೆರೆಯಿಂದ:
ಇಬ್ಬರಿಗೂ ತುಂಬಾ ಉಪಕಾರವಾಯಿತು. ಸಿ.ಟಿ. ರಿಪೋರ್ಟ್ ತೆಗೆದು ನೋಡಿದೆ. ಕಿರಿದಾದ ಭಾಗ ಎರಡು ಸೆಂಟಿಮೀಟರ್ ಅಂತಿದೆ. ಕತ್ತರಿಸಿ ಜೋಡಿಸುವ ಮಾತನ್ನು ಸೋಮವಾರ ನಾನೇ ಎತ್ತುತ್ತೇನೆ.